ಕಟಾವಣ್ಣ ಲ್ಯಾವೆಂಡರಿಗೆ ಕ್ಷೌರ ಮಾಡಿದ್ದು

ಆ ಬೀದಿಯಲ್ಲಿ ತಲೆಕೂದಲಿನ ಬಗ್ಗೆ ಆಸೆ ಇಟ್ಟುಕೊಂಡಿದ್ದ ಗಂಡಸರೆಲ್ಲ ಪಕ್ಕದ ಬೀದಿಗೆ ಹೋಗಿ ಕಟಿಂಗ್ ಮಾಡಿಸಿಕೊಳ್ಳುತ್ತಿದ್ದರು. ಆಸೆ ಬಿಟ್ಟವರು ಕಟಾವಣ್ಣನ ಅಂಗಡಿಗೆ ಬರುತ್ತಿದ್ದರು. ಅಪ್ಪ ಅಮ್ಮ ಅವನಿಗೆ ಬೇರೇನೋ ಒಳ್ಳೆಯ ಹೆಸರಿಟ್ಟಿದ್ದರು. ಆದರೆ ಕುರ್ಚಿಯಲ್ಲಿ ಕೂತವರು "ಸ್ವಲ್ಪ ಮಾತ್ರ ತೆಗೀರಿ" ಎಂದರೂ, "ಬರೀ ಕಿವಿ ಹತ್ತಿರ" ಎಂದರೂ, "ಮುಂದಿನ ವಾರ ಹೆಣ್ಣು ನೋಡೋಕೆ ಹೋಗ್ತಿದೀನಿ, ಕೈ ಮುಗೀತೀನಿ" ಎಂದರೂ, ಕೊನೆಗೆ ಕನ್ನಡಿಯಲ್ಲಿ ಕಾಣುತ್ತಿದ್ದುದು ಕೊಯ್ಲು ಮುಗಿದ ಹೊಲವೇ ಆದ್ದರಿಂದ ಬೀದಿಯವರು ಅವನಿಗೆ ಮರುನಾಮಕರಣ ಮಾಡಿದ್ದರು. ಅವನಿಗೂ ಅದರ ಬಗ್ಗೆ ಬೇಸರವಿರಲಿಲ್ಲ. ಬಿರುದು ಅಂದರೆ ಬಿರುದು.

ಅವನದು ಕೈತಪ್ಪಲ್ಲ, ಸಿದ್ಧಾಂತ. ಯಾರಾದರೂ ಕನ್ನಡಿ ನೋಡಿ ಕಣ್ಣಲ್ಲಿ ನೀರು ತಂದುಕೊಂಡರೆ ಕಟಾವಣ್ಣ ಕುತ್ತಿಗೆಯ ಬಟ್ಟೆ ಕೊಡವುತ್ತ ಸಮಾಧಾನ ಹೇಳುತ್ತಿದ್ದ: "ಮತ್ತೆ ಬರೋ ವಸ್ತುವಿಗೆ ಯಾಕ್ರೀ ಅಳ್ತೀರಿ? ಹಲ್ಲು ಕಿತ್ತಿದೀನಾ? ಕಿವಿ ಕತ್ತರಿಸಿದೀನಾ?" ಹೀಗೆ ಹೇಳುತ್ತಲೇ ಬ್ರಷ್ಷಿನಿಂದ ಕುತ್ತಿಗೆ ಒರೆಸಿ, ಪೌಡರು ಬಡಿದು, ಬಾಟಲಿಯಿಂದ ಪುಸಪುಸ ನೀರು ಹೊಡೆದು ಮುಂದಿನವರನ್ನು ಕೂಗುತ್ತಿದ್ದ. ಅಂಗಡಿಯ ಒಂದು ಕುರ್ಚಿಯ ಪಂಪು ಕೆಟ್ಟು, ಕೂತವರು ಕಟಿಂಗ್ ನಡೆಯುತ್ತಿದ್ದ ಹಾಗೇ ಮೆಲ್ಲಗೆ ಕೆಳಗಿಳಿಯುತ್ತಿದ್ದರು. ತಲೆ ಹಗುರಾಗುತ್ತ ಹೋದಂತೆ ದೇಹ ಕುಸಿಯುತ್ತ ಹೋಗುವ ಆ ಅನುಭವ ಸೋತ ರಾಜರಿಗಷ್ಟೇ ಗೊತ್ತಿರುವಂಥದ್ದು. ತನ್ನ ತಲೆಗೂ ಅವನು ವಾರಕ್ಕೊಮ್ಮೆ ಮೆಷಿನ್ ಹಾಕಿಕೊಳ್ಳುತ್ತಿದ್ದ. ಅಂಗಡಿಗೆ ಬೋರ್ಡು ಇರಲಿಲ್ಲ. ಬಾಗಿಲಲ್ಲಿ ನಿಂತ ಅವನ ತಲೆಯೇ ಬೋರ್ಡು.

ಅಂಗಡಿಯ ಮೇಲೆ ಮನೆ, ಮನೆಯ ಮೇಲೆ ತಾರಸಿ. ಮನೆಯ ಮುಂದಿನ ಕೋಣೆಯಲ್ಲಿ ಅವನ ಹೆಂಡತಿಯ ಹೊಲಿಗೆ ಮೆಷಿನ್ನು. ಬೀದಿಗೆಲ್ಲ ಅವಳು ಟೈಲರಮ್ಮ. ಗಂಡ ಇಡೀ ದಿನ ಕತ್ತರಿಸಿ ಎಸೆಯುತ್ತಿದ್ದರೆ ಅವಳು ಇಡೀ ದಿನ ಕತ್ತರಿಸಿ ಜೋಡಿಸುತ್ತಿದ್ದಳು, ಹಾಗಾಗಿ ಅವಳ ಕತ್ತರಿಗೆ ಮರ್ಯಾದೆ ಹೆಚ್ಚು. ಮೆಟ್ಟಿಲಿನ ತಿರುವಿನಲ್ಲಿ ಒಂದು ಕುರ್ಚಿ. ಅದರಲ್ಲಿ ಟೈಲರಮ್ಮನ ಅಮ್ಮ, ಅಂದರೆ ಕಟಾವಣ್ಣನ ಅತ್ತೆ. ಮಂಡಿ ನೋವಿನ ದೆಸೆಯಿಂದ ಅವರು ಮೇಲಕ್ಕೂ ಹೋಗುತ್ತಿರಲಿಲ್ಲ, ಕೆಳಕ್ಕೂ ಇಳಿಯುತ್ತಿರಲಿಲ್ಲ. ಆದರೆ ಮೇಲಿನದೂ ಕೆಳಗಿನದೂ ಎಲ್ಲ ಸುದ್ದಿ ಅವರನ್ನು ದಾಟಿಯೇ ಹೋಗಬೇಕಿತ್ತು.

ಟೈಲರಮ್ಮನಿಗೆ ಜೀವನದಲ್ಲಿ ಇದ್ದದ್ದು ಒಂದೇ ಹುಚ್ಚು. ಯಾವುದೋ ಮದುವೆಮನೆಯಲ್ಲಿ ಉಡುಗೊರೆಯಾಗಿ ಒಂದು ಸಬೂನು ಸಿಕ್ಕಿತ್ತು. ಮೇಲಿನ ಕಾಗದದಲ್ಲಿ ನೇರಳೆ ಹೂವಿನ ಚಿತ್ರ, ಒಳಗೆ ಲ್ಯಾವೆಂಡರ್ ವಾಸನೆ. ಸಬೂನು ಕರಗಿ ಕಿರುಬೆರಳ ಉಗುರಿನಷ್ಟಾಗುವವರೆಗೂ ಅವಳು ಅದನ್ನು ಯಾರಿಗೂ ಮುಟ್ಟಗೊಡಲಿಲ್ಲ. ಮುಗಿದ ಮೇಲೆ ಒಂದು ಪ್ರಶ್ನೆ ಉಳಿಯಿತು. ಅದು ನಿಜವಾಗಲೂ ಹೂವಿನ ವಾಸನೆಯೋ, ಸಬೂನಿನವರು ತಾವೇ ಕಟ್ಟಿದ ಕತೆಯೋ? ಕೇಳೋಣವೆಂದರೆ ಆ ಬೀದಿಯಲ್ಲಿ ಲ್ಯಾವೆಂಡರ್ ಹೂವನ್ನು ಮೂಸಿದವರು ಒಬ್ಬರೂ ಇರಲಿಲ್ಲ. "ನಾನೇ ಬೆಳೆಸಿ ಮೂಸಿ ನೋಡ್ತೀನಿ" ಎಂದು ಅವಳು ಬೀಜ ತರಿಸಿದಳು.

ಮೊದಲ ಸಲದ ಸಸಿಗಳು ಅತ್ತೆಯವರ ಕರುಣೆಗೆ ಬಲಿಯಾದವು. ಆಗ ಅವರ ಮಂಡಿ ಇನ್ನೂ ಮಾತು ಕೇಳುತ್ತಿತ್ತು. ತಾರಸಿಗೆ ಹೋದಾಗಲೆಲ್ಲ "ಪಾಪ, ಬಾಯಾರಿರುತ್ತೆ" ಎಂದು ಲೋಟದಲ್ಲಿ ಉಳಿದ ನೀರನ್ನೆಲ್ಲ ಸುರಿದು ಬರುತ್ತಿದ್ದರು. ಬೇರು ಕೊಳೆತು ಹೋಯಿತು. ಎರಡನೆಯ ಸಲ ಕುಂಡದ ಕೆಳಗೆ ಚೆಂದಕ್ಕೆಂದು ಇಟ್ಟ ತಟ್ಟೆಯಲ್ಲಿ ನೀರು ನಿಂತು ಅದೇ ಗತಿ. ಮೂರನೆಯ ಸಲ ಕಟಾವಣ್ಣ ಅಂಗಡಿಯ ಟವೆಲ್ಲುಗಳನ್ನು ಒಗೆದು ಹಗ್ಗಕ್ಕೆ ಹಾಕಿ, ಅದರ ನೆರಳಿನಲ್ಲಿ ಗಿಡ ಬಿಸಿಲು ಕಾಣದೆ ಬೆಳ್ಳಗಾಗಿ ಹೋಯಿತು. ನಾಲ್ಕನೆಯ ಸಲ ಟೈಲರಮ್ಮ ಟೊಂಕ ಕಟ್ಟಿ ನಿಂತಳು. ದೊಡ್ಡ ಮಣ್ಣಿನ ಕುಂಡ ತರಿಸಿ, ತಳದಲ್ಲಿ ಜಲ್ಲಿಕಲ್ಲು ಹಾಕಿ, ಮಣ್ಣಿಗೆ ಅರ್ಧಕ್ಕರ್ಧ ಮರಳು ಬೆರೆಸಿ, ತಾರಸಿಯ ಅತ್ಯಂತ ಬಿಸಿಲಿನ ಮೂಲೆಯಲ್ಲಿ ಮೋಟುಗೋಡೆಗೆ ಒತ್ತಿ ಇಟ್ಟಳು. ಬೆರಳು ಮಣ್ಣೊಳಗೆ ಇಳಿಸಿ ನೋಡಿ, ಒಳಗೂ ಒಣಗಿದ್ದರೆ ಮಾತ್ರ ನೀರು. ಗಿಡ ಈ ಕಟ್ಟುನಿಟ್ಟಿಗೆ ಖುಷಿಯಾಗಿ ಬೂದುಹಸಿರು ಬಣ್ಣದ ಪೊದೆಯಾಯಿತು. ವರ್ಷಗಳು ಉರುಳಿದವು. ಕೊನೆಗೊಂದು ಬೆಳಿಗ್ಗೆ ತುದಿಗಳಲ್ಲಿ ಸಣ್ಣ ಸಣ್ಣ ಕಡ್ಡಿಗಳೆದ್ದು, ಕಡ್ಡಿಯ ತಲೆಯಲ್ಲಿ ಮೊಗ್ಗಿನ ಗಂಟು ಕಾಣಿಸಿಕೊಂಡಿತು. ಟೈಲರಮ್ಮ ಅವತ್ತು ಒಂದು ರವಿಕೆಗೆ ಎರಡೂ ತೋಳನ್ನು ಒಂದೇ ಕಡೆ ಹೊಲಿದಳು.

ಆ ದಿನಗಳಲ್ಲೇ ಊಟದ ಹೊತ್ತಿಗೆ ಅವಳು ನರ್ಸರಿಯವನು ಹೇಳಿದ್ದನ್ನು ಗಂಡನಿಗೆ ವರದಿ ಮಾಡಿದ್ದಳು. "ಕತ್ತರಿಸಿದಷ್ಟೂ ಪೊದೆ ಕಟ್ಟುತ್ತಂತೆ ರೀ."

ಕಟಾವಣ್ಣನಿಗೆ ತನ್ನ ಸಿದ್ಧಾಂತಕ್ಕೆ ಸಸ್ಯಲೋಕದಿಂದಲೂ ಬೆಂಬಲ ಬಂದಂತಾಗಿ ಎದೆ ಉಬ್ಬಿತು. "ನಾನು ಹೇಳಿರಲಿಲ್ವಾ?" ಎನ್ನುತ್ತ ಕೈ ತೊಳೆಯಲು ಎದ್ದು ಹೋದ. ಅವಳ ಮಾತಿನ ಉಳಿದರ್ಧ, ಅಂದರೆ ಹೂವೆಲ್ಲ ಮುಗಿದ ಮೇಲೆ ಕತ್ತರಿಸಬೇಕು, ಹಸಿರಿರುವ ಕಡೆ ಮಾತ್ರ ಕತ್ತರಿಸಬೇಕು, ಕಟ್ಟಿಗೆಯಾದ ಹಳೆಯ ಕಾಂಡ ಮುಟ್ಟಿದರೆ ಮತ್ತೆ ಚಿಗುರುವುದಿಲ್ಲ ಎಂಬುದು, ನಲ್ಲಿಯ ಸದ್ದಿನಲ್ಲಿ ಕೊಚ್ಚಿಹೋಯಿತು.

ಮೊಗ್ಗು ಬಣ್ಣ ತಿರುಗುವ ಮೊದಲೇ ಟೈಲರಮ್ಮನ ಅಕ್ಕನಿಗೆ ಆಪರೇಷನ್ ಆಗಿ ಇವಳು ಹೊರಡಬೇಕಾಯಿತು. ಚೀಲ ಹೆಗಲಿಗೆ ಹಾಕಿಕೊಂಡು ಬಾಗಿಲಲ್ಲಿ ನಿಂತು ಹೇಳಿದಳು: "ನೀರು ಹಾಕ್ಬೇಡಿ. ನಾನು ಹಾಕಿದೀನಿ, ಬರೋವರೆಗೆ ಸಾಕು. ಅಮ್ಮ ಎಷ್ಟೇ ಅಂದ್ರೂ ಹಾಕ್ಬೇಡಿ."

"ಒಂದು ಹನಿ ಹಾಕಿದ್ರೆ ಕೇಳು."

"ನಾನು ಬರೋ ಹೊತ್ತಿಗೆ ಅರಳುತ್ತೆ." ಇದನ್ನು ಹೇಳುವಾಗ ಅವಳ ಮುಖ ನೋಡಿದ್ದರೆ ಯಾರಾದರೂ ಆ ಗಿಡದಿಂದ ಹತ್ತು ಮಾರು ದೂರ ನಿಲ್ಲುತ್ತಿದ್ದರು. ಕಟಾವಣ್ಣ ಆಗ ಆಟೋ ಕರೆಯುತ್ತಿದ್ದ.

ಒಂದೆರಡು ದಿನ ಅವನು ತಾರಸಿಗೆ ಹೋಗಿ ಟವೆಲ್ಲು ಹಾಕಿ ಬಂದ. ಗಿಡ ಕಣ್ಣಿಗೆ ಬೀಳುತ್ತಿತ್ತು. ನಾಲ್ಕೂ ಕಡೆ ಕೆದರಿಕೊಂಡು, ತುದಿಯಲ್ಲೆಲ್ಲ ಕಡ್ಡಿ ಎದ್ದು, ನಿದ್ದೆಯಿಂದ ಎದ್ದ ಹುಡುಗನ ತಲೆಯ ಹಾಗೆ. ಕಟಾವಣ್ಣ ಕಣ್ಣು ತಿರುಗಿಸಿಕೊಂಡು ಕೆಳಗಿಳಿದ. ಆದರೆ ಆ ವಾರ ಅಂಗಡಿಯಲ್ಲಿ ಗಿರಾಕಿಗಳೇ ಇರಲಿಲ್ಲ. ಮಕ್ಕಳಿಗೆ ಪರೀಕ್ಷೆ, ದೊಡ್ಡವರಿಗೆ ಸೋಮಾರಿತನ. ಕೈ ಕಡಿಯತೊಡಗಿತು. ಒಂದು ಮಧ್ಯಾಹ್ನ ಟವೆಲ್ಲಿನ ಜೊತೆ ಕತ್ತರಿಯೂ ಬಾಚಣಿಗೆಯೂ ತಾವಾಗಿಯೇ ಮೇಲಕ್ಕೆ ಬಂದವು ಎಂದು ಅವನು ಆಮೇಲೆ ಹೇಳುತ್ತಿದ್ದ.

"ಅಳಿಯಂದಿರೇ, ಮೇಲಕ್ಕೆ ಕತ್ತರಿ ಯಾಕೆ?" ಎಂದು ತಿರುವಿನಿಂದ ಅತ್ತೆ ಕೇಳಿದರು.

"ಅವಳು ಬರೋ ಹೊತ್ತಿಗೆ ನೀಟಾಗಿರ್ಲಿ ಅಂತ, ಅತ್ತೆ."

ಮುಂದೆ ನಡೆದದ್ದನ್ನು ಯುದ್ಧವೆನ್ನುವ ಹಾಗಿಲ್ಲ, ಎದುರಾಳಿ ಕೈಯೆತ್ತಲೇ ಇಲ್ಲ. ಮೊದಲು ಅಡ್ಡಾದಿಡ್ಡಿ ಕಡ್ಡಿಗಳು ಹೋದವು. ಆಮೇಲೆ ಎಡಗಡೆ ಸ್ವಲ್ಪ ಜಾಸ್ತಿಯಾಯಿತೆಂದು ಬಲಗಡೆ. ಬಲಗಡೆ ಜಾಸ್ತಿಯಾಯಿತೆಂದು ಎಡಗಡೆ. ಮೂವತ್ತು ವರ್ಷದ ಅನುಭವದ ಕೈ ಅದು, ಎಲ್ಲಿ ನಿಲ್ಲಬೇಕೆಂದು ಯಾವತ್ತೂ ಯೋಚಿಸಿದ ಕೈಯಲ್ಲ. ಮುಗಿದಾಗ ಕುಂಡದಲ್ಲಿ ಕಂದು ಬಣ್ಣದ ಮೋಟು ಕಡ್ಡಿಗಳ ಒಂದು ಸಾಲು ನಿಂತಿತ್ತು. ಕಟಾವಣ್ಣ ಹಿಂದೆ ಸರಿದು ತಲೆ ವಾಲಿಸಿ ನೋಡಿ, ಅಭ್ಯಾಸಬಲದಿಂದ ಬ್ರಷ್ಷು ಆಡಿಸಿ, ಸೊಂಟದ ಪಟ್ಟಿಯಲ್ಲಿದ್ದ ಬಾಟಲಿಯಿಂದ ಪುಸಪುಸ ನೀರು ಹೊಡೆದು, ಜೇಬಿನಿಂದ ಡಬ್ಬಿ ತೆಗೆದು ಪೌಡರು ಉದುರಿಸಿದ. ಎರಡು ಕಡ್ಡಿಗಳು ಸೀಳಿದ್ದು ಕಂಡು ಕೆಳಗಿನಿಂದ ಪಟಿಕದ ಕಲ್ಲು ತಂದು ಉಜ್ಜಿದ. ಗಾಯಕ್ಕೆ ಪಟಿಕ ಹಚ್ಚದೆ ಅವನು ಯಾರನ್ನೂ ಕಳಿಸಿದವನಲ್ಲ.

ಟೈಲರಮ್ಮ ಬಂದವಳು ಚಪ್ಪಲಿಯನ್ನೂ ಬಿಡದೆ ಮೇಲಕ್ಕೆ ಹತ್ತಿದಳು. ಕಟಾವಣ್ಣ ಹಿಂದೆಯೇ ಹತ್ತಿದ, ಮೆಚ್ಚುಗೆ ಸ್ವೀಕರಿಸುವ ಮುಖ ಮಾಡಿಕೊಂಡು.

ಅವಳು ಕುಂಡದ ಮುಂದೆ ಕುಕ್ಕರುಗಾಲಲ್ಲಿ ಕೂತು ಒಂದು ಮೋಟು ಕಡ್ಡಿಯನ್ನು ಮುಟ್ಟಿ ಬೆರಳನ್ನು ಮೂಗಿಗೆ ಹಿಡಿದಳು.

"ಪೌಡರ್ ವಾಸನೆ" ಎಂದಳು.

"ಸ್ವಲ್ಪನೇ ಹಾಕಿದ್ದು ಕಣೇ."

"ಮೊಗ್ಗಿತ್ತಲ್ರೀ ಇದರಲ್ಲಿ."

"ಆ ಕಡ್ಡಿಗಳಾ? ಅವೇ ಅಸಹ್ಯವಾಗಿ ಎದ್ದಿದ್ದು. ನೀನು ನೀರು ಹಾಕ್ಬೇಡಿ ಅಂದೆ, ಹಾಕಲಿಲ್ಲ. ಯಾಕೆ ಹಾಗೆ ನೋಡ್ತೀಯ? ಮತ್ತೆ ಬರುತ್ತೆ ಬಿಡು."

"ಬರಲ್ಲ." ಅವಳು ಕಂದು ಕಾಂಡವನ್ನು ತೋರಿಸಿದಳು. "ಇದು ಕಟ್ಟಿಗೆ. ಇದರಲ್ಲಿ ಇನ್ನು ಚಿಗುರೇ ಬರಲ್ಲ. ನಾಲ್ಕು ಸಲ ನೆಟ್ಟಿದೀನಿ ನಾನು ಇದನ್ನ. ಒಂದೇ ಒಂದು ಸಲ ಮೂಸಬೇಕಿತ್ತು."

ಅಷ್ಟು ಹೇಳಿ ಸೆರಗಿನಿಂದ ಕಣ್ಣು ಒತ್ತಿಕೊಂಡಳು. ಎಷ್ಟೋ ಜನ ಕಟಾವಣ್ಣನ ಕುರ್ಚಿಯಲ್ಲಿ ಕಣ್ಣೀರು ಹಾಕಿದ್ದರು. ಯಾರ ಕಣ್ಣೀರೂ ಅವನ ಕೈಯಿಂದ ಕತ್ತರಿಯನ್ನು ಕೆಳಗೆ ಬೀಳಿಸಿರಲಿಲ್ಲ. ಮತ್ತೆ ಬಾರದ ವಸ್ತುವೊಂದನ್ನು ಅವನು ಕತ್ತರಿಸಿದ್ದು ಇದೇ ಮೊದಲು.

ಏನಾದರೂ ಮಾಡಬೇಕೆಂದು ಅವನು ಆ ಭಾರದ ಕುಂಡವನ್ನು ಎರಡು ಕೈಯಿಂದ ತಬ್ಬಿ ತಿರುಗಿಸಿದ. ಏನು ಮಾಡುವುದಕ್ಕೆ ಎಂದು ಅವನಿಗೇ ಗೊತ್ತಿರಲಿಲ್ಲ. ಕುಂಡ ಕರಕರ ಎಂದು ತಿರುಗಿತು. ಮೋಟುಗೋಡೆಗೆ ಒತ್ತಿಕೊಂಡಿದ್ದ ಹಿಂಬದಿಯಲ್ಲಿ ಒಂದು ಕೊಂಬೆ ಮೈತುಂಬ ಎಲೆ ಹೊತ್ತು ಸುಖವಾಗಿ ನಿಂತಿತ್ತು. ಕುರ್ಚಿಯಾದರೆ ತಿರುಗುತ್ತದೆ, ಗಿರಾಕಿಯ ಹಿಂದಲೆ ತಾನಾಗಿ ಕತ್ತರಿಗೆ ಸಿಗುತ್ತದೆ. ಕುಂಡ ತಿರುಗಿರಲಿಲ್ಲ. ಕಟಾವಣ್ಣ ತನ್ನ ವೃತ್ತಿಜೀವನದಲ್ಲಿ ಮೊದಲ ಸಲ ಹಿಂದಲೆ ಮರೆತಿದ್ದ.

"ಇವಳೇ! ಹಿಂದೆ ಬಿಟ್ಟಿದೀನಿ!" ಎಂದು ಅವನು ಕಿರುಚಿದ್ದು ಅಂಗಡಿಯವರೆಗೂ ಕೇಳಿಸಿತಂತೆ.

ಆ ಕೊಂಬೆಯಲ್ಲಿ ಮೊಗ್ಗಿರಲಿಲ್ಲ, ಬಿಸಿಲು ಕಡಿಮೆ ಬಿದ್ದಿತ್ತು. ಆದರೆ ಎಳೆಯ ಟಿಸಿಲುಗಳಿದ್ದವು. ಟಿಸಿಲು ತೆಗೆದು ನೆಟ್ಟರೆ ಹೊಸ ಗಿಡವಾಗುತ್ತದೆಂದು ಟೈಲರಮ್ಮನಿಗೆ ಗೊತ್ತಿತ್ತು. ಅವಳು ಕಣ್ಣೊರೆಸಿಕೊಂಡು ಎದ್ದು ನಿಂತು ತೀರ್ಪು ಕೊಟ್ಟಳು. "ನೆಡೋಣ. ಹೂ ಬಿಡೋಕೆ ಇನ್ನೊಂದು ವರ್ಷ ಬೇಕು. ಅಲ್ಲೀವರೆಗೆ ನಿಮ್ಮ ತಲೆಗೆ ಕತ್ತರಿ ತಾಗಬಾರದು. ಮೆಷಿನ್ನೂ ಇಲ್ಲ. ಮತ್ತೆ ಬರೋದು ಅಂದ್ರೆ ಎಷ್ಟು ಕಾಲ ಹಿಡಿಯುತ್ತೆ ಅಂತ ನಿಮ್ಮ ತಲೆ ಮೇಲೇ ನೋಡ್ಕೊಳ್ಳಿ."

"ವರ್ಷಾನಾ? ಅಂಗಡಿ ಗತಿ ಏನೇ?"

"ಗಿಡದ ಗತಿ ಏನಾಯ್ತೋ ಅದೇ."

ಮರುದಿನ ಇಬ್ಬರೂ ಕೂತು ಟಿಸಿಲು ತೆಗೆದರು. ಎಲೆ ಹುಟ್ಟುವ ಗಂಟಿನ ಕೆಳಗೆ ನಯವಾಗಿ, ಜಜ್ಜದಂತೆ ಕತ್ತರಿಸಬೇಕಿತ್ತು. ಟೈಲರಮ್ಮನ ಕತ್ತರಿ ಬಟ್ಟೆಗೆ ಸರಿ, ಕಡ್ಡಿಯನ್ನು ಜಜ್ಜುತ್ತಿತ್ತು. ಕಟಾವಣ್ಣ ಹೊಸ ಬ್ಲೇಡನ್ನು ಕಾಗದದೊಳಗೇ ಎರಡು ತುಂಡಾಗಿ ಮುರಿದು, ಅರ್ಧ ಬ್ಲೇಡಿನಿಂದ ಒಂದೊಂದನ್ನೇ ಬೆರಳುದ್ದಕ್ಕೆ ಬಿಡಿಸಿದ. ಪ್ರತಿಯೊಂದಕ್ಕೂ ಮೊದಲು ಹೆಂಡತಿಯ ಮುಖ ನೋಡಿ "ಇಲ್ಲೇನಾ?" ಎಂದು ಕೇಳಿದ. ಅವಳು ಕೆಳಗಿನ ಎಲೆ ಬಿಡಿಸಿ ಮರಳುಮಣ್ಣಿನ ಲೋಟಗಳಲ್ಲಿ ಊರಿದಳು. ನೇರ ಬಿಸಿಲು ತಾಗದ ಬೆಳಕಿನ ಕಿಟಕಿಯಲ್ಲಿ ಅವು ಸಾಲಾಗಿ ಕೂತವು. ಕೆಲವು ಕಪ್ಪಾದವು. ಒಂದು ಬೇರು ಬಿಟ್ಟಿದೆಯೋ ಇಲ್ಲವೋ ಎಂದು ಕಟಾವಣ್ಣ ಎಳೆದು ನೋಡಿದ್ದರಿಂದ ಸತ್ತಿತು. ಅದಾದ ಮೇಲೆ ಅವನು ಕಿಟಕಿಯ ಹತ್ತಿರ ಹೋಗುವಾಗ ಕೈ ಬೆನ್ನ ಹಿಂದೆ ಕಟ್ಟಿಕೊಂಡಿರಬೇಕೆಂದು ಆಜ್ಞೆಯಾಯಿತು. ಉಳಿದ ಮೂರು ನೆಲೆ ಕಂಡವು, ಕುಂಡಕ್ಕೆ ಏರಿದವು, ತಾರಸಿಯ ಬಿಸಿಲಿಗೆ ಹೋದವು.

ಇತ್ತ ಕಟಾವಣ್ಣನ ತಲೆಯೂ ಬೆಳೆಯತೊಡಗಿತು. ಮೊದಲು ತೆಂಗಿನಕಾಯಿ, ಆಮೇಲೆ ಹಲಸಿನಕಾಯಿ, ಆಮೇಲೆ ಹೋಲಿಕೆಗೆ ಸಿಗದ ಒಂದು ವಸ್ತು. ಖಾಯಂ ಗಿರಾಕಿಯಾಗಿದ್ದ ಬ್ಯಾಂಕಿನ ಗುಮಾಸ್ತರೊಬ್ಬರು ಬಾಗಿಲಲ್ಲೇ ನಿಂತು ಬಿಟ್ಟರು.

"ಏನ್ರೀ ಇದು? ಜಗತ್ತಿಗೆಲ್ಲ ಬೋಳಿಸಿ ನೀವು ಮಾತ್ರ ಕೂಡಿಟ್ಕೊಂಡಿದೀರಾ?"

"ಮನೇಲಿ ಒಂದು ಒಪ್ಪಂದ ಸಾರ್."

"ಒಪ್ಪಂದನೋ ಶಿಕ್ಷೆನೋ?"

"ಕೂತ್ಕೊಳ್ಳಿ ಸಾರ್, ಕುರ್ಚಿ ಇಳಿಯೋದ್ರೊಳಗೆ ಮುಗಿಸೋಣ."

ಅತ್ತೆ ಇನ್ನೂ ಒಂದು ಹೆಜ್ಜೆ ಮುಂದೆ. "ಅಳಿಯಂದಿರೇ, ಮುಂದೆ ಯಾವುದು ಹಿಂದೆ ಯಾವುದು ಗೊತ್ತಾಗ್ತಿಲ್ಲ. ನೀವು ಬರ್ತಿದೀರಾ ಹೋಗ್ತಿದೀರಾ?"

ಕೂದಲು ಸಾಕುವುದು ಕತ್ತರಿಸುವುದಕ್ಕಿಂತ ಎಷ್ಟು ಕಷ್ಟವೆಂದು ಕಟಾವಣ್ಣನಿಗೆ ಅಲ್ಲಿಯವರೆಗೆ ಯಾರೂ ಹೇಳಿರಲಿಲ್ಲ. ಎಣ್ಣೆ ಹಾಕಿದರೆ ದಿಂಬಿಗೆ ಅಂಟುತ್ತದೆ, ಹಾಕದಿದ್ದರೆ ಗೋಣಿ ನಾರಾಗುತ್ತದೆ. ಸಾರಿನಲ್ಲಿ ಕೂದಲು ಸಿಕ್ಕಿದರೆ ಮೊದಲಿನಂತೆ ಹೆಂಡತಿಯ ಮೇಲೆ ಹಾಕುವ ಹಾಗಿಲ್ಲ. ಬಾಚಣಿಗೆ ಸಿಕ್ಕಿಕೊಂಡು ಎಳೆದಾಗ ಬರುವ ನೋವು ಅವನಿಗೆ ಹೊಸದು. ಅಷ್ಟು ಕಷ್ಟಪಟ್ಟು ಬೆಳೆಸಿದ್ದನ್ನು ಹೊತ್ತುಕೊಂಡು ಜನ ತನ್ನ ಕುರ್ಚಿಯಲ್ಲಿ ಬಂದು ಕೂರುತ್ತಾರಲ್ಲ ಎಂದು ಅವನಿಗೆ ಅನ್ನಿಸತೊಡಗಿತು. ಇದರ ನಡುವೆ ವಿಚಿತ್ರವೊಂದು ನಡೆಯಿತು. ಕುತ್ತಿಗೆಗೆ ಇಳಿದ ಜುಟ್ಟಿಗೆ ಹೆಂಡತಿಯ ರಬ್ಬರ್ ಬ್ಯಾಂಡ್ ಹಾಕಿ ಅವನು ಬಾಗಿಲಲ್ಲಿ ನಿಂತದ್ದನ್ನು ಕಂಡ ಕಾಲೇಜು ಹುಡುಗರು, ಇವನಾರೋ ಹೊರಗಿನಿಂದ ಬಂದ ದೊಡ್ಡ ಸ್ಟೈಲಿಸ್ಟ್ ಎಂದುಕೊಂಡು ಒಳಗೆ ನುಗ್ಗಿದರು.

"ಅಣ್ಣ, ನಿಮ್ ಥರಾನೇ ಬಿಡಿ. ಅಂಚು ಮಾತ್ರ."

"ಅಂಚು ಮಾತ್ರಾನಾ?" ಕಟಾವಣ್ಣ ಕತ್ತರಿ ಎತ್ತಿದ, ತನ್ನ ಜುಟ್ಟನ್ನು ಮುಟ್ಟಿ ನೋಡಿಕೊಂಡ, ಅಂಚು ಮಾತ್ರ ತೆಗೆದ. ಹುಡುಗ ಕನ್ನಡಿ ನೋಡಿ ನಕ್ಕ. ಆ ಕನ್ನಡಿಯಲ್ಲಿ ಗಿರಾಕಿಯೊಬ್ಬ ನಕ್ಕದ್ದು ಅದೇ ಮೊದಲಾದ್ದರಿಂದ ಕಟಾವಣ್ಣ, ಹುಡುಗ ತನ್ನನ್ನು ಗೇಲಿ ಮಾಡುತ್ತಿದ್ದಾನೆಂದೇ ಭಾವಿಸಿದ.

ದಿನಾ ಬೆಳಿಗ್ಗೆ ಅಂಗಡಿ ತೆಗೆಯುವ ಮೊದಲು ಅವನು ತಾರಸಿಗೆ ಹೋಗಿ, ಕೈ ಬೆನ್ನ ಹಿಂದೆ ಕಟ್ಟಿ, ಬಗ್ಗಿ ಮೂರೂ ಗಿಡಗಳನ್ನು ನೋಡಿ ಬರುತ್ತಿದ್ದ. ಟವೆಲ್ಲಿನ ಹಗ್ಗವನ್ನು ತಾನೇ ಬಿಚ್ಚಿ ನೆರಳು ಬೀಳದ ಕಡೆ ಕಟ್ಟಿದ. ಅಕಾಲದಲ್ಲಿ ಮಳೆ ಬಂದಾಗ ಗಿರಾಕಿಯ ಅರ್ಧ ಗಡ್ಡಕ್ಕೆ ನೊರೆ ಹಚ್ಚಿಟ್ಟು ಓಡಿಹೋಗಿ ಕುಂಡಗಳನ್ನು ಸೂರಿನಡಿಗೆ ಸರಿಸಿದ. ಟೈಲರಮ್ಮ ಇದನ್ನೆಲ್ಲ ನೋಡಿದಳು, ಆದರೆ ಶಿಕ್ಷೆ ಕಡಿಮೆ ಮಾಡಲಿಲ್ಲ. ಗಿಡದ ಬಗ್ಗೆ ಮಾತು ಬಂದರೆ ಇನ್ನೂ ಅವಳ ದನಿ ಒಣಗುತ್ತಿತ್ತು.

ಮೊಗ್ಗು ಬಂತು. ಮೂರರಲ್ಲಿ ಒಂದೇ ಗಿಡಕ್ಕೆ, ಅದೂ ಎರಡೇ ಕಡ್ಡಿ. ಕಟಾವಣ್ಣ ಅದನ್ನು ಮೊದಲು ಕಂಡವನಾದರೂ ಹೆಂಡತಿಗೆ ಹೇಳಲು ಧೈರ್ಯ ಸಾಲದೆ ಅತ್ತೆಗೆ ಹೇಳಿದ. ಅತ್ತೆ ಕೂಗಿ ಬೀದಿಗೇ ಹೇಳಿದರು. ಆಮೇಲೆ ಮನೆಯಲ್ಲಿ ಯಾರೂ ಜೋರಾಗಿ ಸೀನಲಿಲ್ಲ.

ಒಂದು ಬೆಳಿಗ್ಗೆ ಗಂಟು ಬಿಚ್ಚಿ ನೇರಳೆ ಬಣ್ಣದ ಪುಟ್ಟ ಪುಟ್ಟ ಬಾಯಿಗಳು ತೆರೆದುಕೊಂಡಿದ್ದವು. ಟೈಲರಮ್ಮ ಸೂಜಿ ಚುಚ್ಚಿದ ಬಟ್ಟೆಯನ್ನು ಹೆಗಲ ಮೇಲೇ ಹಾಕಿಕೊಂಡು ಮೇಲೆ ಬಂದಳು. ಮಂಡಿಯ ಮಾತು ಮೀರಿ ಅತ್ತೆಯೂ ಗೋಡೆ ಹಿಡಿದು ಹತ್ತಿ ಬಂದರು. ಟೈಲರಮ್ಮ ಬಗ್ಗಿ ಕಣ್ಣು ಮುಚ್ಚಿ ಮೂಸಿದಳು. ಇನ್ನೊಂದು ಕಡ್ಡಿಯನ್ನೂ ಮೂಸಿದಳು.

"ಸಬೂನಿನ ಥರ ಇಲ್ಲ" ಎಂದಳು ಕೊನೆಗೆ.

"ಅಯ್ಯೋ!" ಎಂದ ಕಟಾವಣ್ಣ.

"ಸುಮ್ನಿರಿ. ಸಬೂನಿಗಿಂತ ಚೆನ್ನಾಗಿದೆ. ಸ್ವಲ್ಪ ಕರ್ಪೂರ ಇದೆ. ಸ್ವಲ್ಪ ಕೊಯ್ದ ಹುಲ್ಲು. ಸಬೂನಿನವರು ಬರೀ ಸಿಹಿ ಮಾತ್ರ ಕೊಟ್ಟಿದ್ರು, ಅರ್ಧಾನೇ ಕೊಟ್ಟಿದ್ರು." ಅವಳ ಮುಖದಲ್ಲಿ ನ್ಯಾಯ ಗೆದ್ದವರ ಕಳೆ.

ಅತ್ತೆ ಮೂಸಿ ನೋಡಿ, "ನೆಗಡಿ ಮುಲಾಮು" ಎಂದು ತೀರ್ಪು ಬರೆದು ಮಗುಚಿಟ್ಟಿದ್ದ ಹಳೆಯ ಕುಂಡದ ಮೇಲೆ ಕೂತರು.

"ನೀವೂ ಮೂಸ್ರೀ" ಎಂದಳು ಟೈಲರಮ್ಮ.

ಕಟಾವಣ್ಣ ಜುಟ್ಟನ್ನು ಹಿಂದಕ್ಕೆ ಹಾಕಿಕೊಂಡು ಬಗ್ಗಿದ. ಮೂಸಿದ. ಮತ್ತೆ ಮೂಸಿದ. ಮೂವತ್ತು ವರ್ಷ ಪೌಡರು, ಲೋಷನ್ನು, ಶೇವಿಂಗ್ ಕ್ರೀಮು ಕುಡಿದ ಮೂಗು ಅದು. ಅದರೊಳಗೆ ಹೂವಿಗೆ ಜಾಗವಿರಲಿಲ್ಲ. ಸುಳ್ಳು ಹೇಳೋಣವೆಂದು ಬಾಯಿ ತೆರೆದ. ಹೆಂಡತಿಯ ಮುಖ ನೋಡಿ ಮುಚ್ಚಿದ.

"ನನಗೇನೂ ಗೊತ್ತಾಗ್ತಿಲ್ಲ ಕಣೇ" ಎಂದ, ತಪ್ಪು ಮಾಡಿದ ಮಗುವಿನ ಹಾಗೆ.

ಟೈಲರಮ್ಮ ಅವನನ್ನು ನೋಡಿದಳು. ಹೆಗಲಿಗಿಳಿದ ಜುಟ್ಟು, ಮೂಗಿನ ತುದಿಯಲ್ಲಿ ಒಂದು ನೇರಳೆ ಎಸಳು, ಬೆನ್ನ ಹಿಂದೆ ಇನ್ನೂ ಕಟ್ಟಿಕೊಂಡೇ ಇದ್ದ ಕೈಗಳು. ಅವಳಿಗೆ ನಗು ಒತ್ತರಿಸಿ ಬಂತು. ಒಂದು ವರ್ಷದಿಂದ ತಡೆದು ಹಿಡಿದಿದ್ದ ನಗು; ತಾರಸಿಯ ನೆಲದ ಮೇಲೆ ಕೂತು, ಹೊಟ್ಟೆ ಹಿಡಿದುಕೊಂಡು, ಅಮ್ಮನಿಗೆ ಆತುಕೊಂಡು ನಕ್ಕಳು. "ಒಂದು ವರ್ಷ ಜುಟ್ಟು ಬಿಟ್ಕೊಂಡು ಕಾದ್ರಲ್ರೀ, ಇದಕ್ಕಾ?"

"ನಾನು ಕಾದಿದ್ದು ನನ್ನ ಮೂಗಿಗಲ್ಲ" ಎಂದ ಕಟಾವಣ್ಣ. "ನಿನ್ನ ಮೂಗಿಗೆ."

ಟೈಲರಮ್ಮ ಕಣ್ಣೊರೆಸಿಕೊಂಡು ಎದ್ದು, ಒಂದೆರಡು ಎಲೆ ಕಿತ್ತು, ಅವನ ಕೈಗಳನ್ನು ಬೆನ್ನ ಹಿಂದಿನಿಂದ ಬಿಡಿಸಿ ಮುಂದಕ್ಕೆ ಎಳೆದು, ಎರಡೂ ಅಂಗೈಗೆ ಉಜ್ಜಿದಳು. "ಕೈಗಾದ್ರೂ ವಾಸನೆ ಹತ್ತಲಿ. ಇವತ್ತು ಸಂಜೆ ತಲೆಗೆ ಮೆಷಿನ್ ಹಾಕ್ಕೊಳ್ಳಿ, ಹೋಗಿ."

ಕೆಳಗೆ ಬ್ಯಾಂಕಿನ ಗುಮಾಸ್ತರು ಕಾಯುತ್ತಿದ್ದರು. ಕಟಾವಣ್ಣ ಅವರ ಕೆನ್ನೆಗೆ ನೊರೆ ಹಚ್ಚಲು ಕೈ ತಂದ ಕೂಡಲೇ ಅವರ ಮೂಗು ಅರಳಿತು.

"ಏನಣ್ಣ, ಘಮಘಮ! ಹೊಸ ಸಬೂನಾ?"

ಕಟಾವಣ್ಣ ಬ್ರಷ್ಷು ಕೆಳಗಿಟ್ಟು, ಅಂಗೈಯನ್ನು ಅವರ ಮೂಗಿಗೆ ಇನ್ನೂ ಹತ್ತಿರ ಹಿಡಿದು, ಜುಟ್ಟು ಕೊಡವಿದ.

"ಸಬೂನಾ? ಸಾರ್, ಸರಿಯಾಗಿ ಎಳ್ಕೊಳ್ಳಿ. ಸ್ವಲ್ಪ ಕರ್ಪೂರ ಬರ್ತಿದೆಯಾ? ಸ್ವಲ್ಪ ಕೊಯ್ದ ಹುಲ್ಲು? ಬರ್ತಿದೆಯಲ್ಲ? ಹಾಗಿದ್ರೆ ಹೇಳಿ, ಜೋರಾಗಿ ಹೇಳಿ, ಮೇಲೆ ಅವಳಿಗೆ ಕೇಳಿಸ್ಲಿ."